ಮೂಲೆಕಂಬ

“ಬೇಲಿ ಇತ್ತು ಅಂತ ಒಂದು ಮಾತು ಅಂದ್ಬುಡು ಅತ್ಗೆ. ಅಷ್ಟೇ. ಅದ್ರ ಮ್ಯಾಲೆ ಅವ್ರೂ ಕೇಳಲ್ಲ, ನೀನೂ ಏಳ್ಬೇಕಾಗಿಲ್ಲ” ಎಂದ ಶ್ರೀನಿವಾಸಪ್ಪ, ಕೊಟ್ಟಿಗೆಯ ಕಂಬಕ್ಕೆ ಒರಗಿಕೊಂಡು.

ಚಿಕ್ಕವೆಂಕಟಮ್ಮ ತಲೆ ಎತ್ತಲಿಲ್ಲ. ಸೀಮೆಹಸುವಿನ ಹೊಟ್ಟೆಗೆ ಹಣೆ ಆನಿಸಿ ಹಾಲು ಕರೆಯುತ್ತಿದ್ದಳು. ಏಳೂವರೆ ದಾಟಿದರೆ ಡೈರಿಯಲ್ಲಿ ಹಾಲು ತೆಗೆದುಕೊಳ್ಳುವುದಿಲ್ಲ. ಊರಲ್ಲಿ ಯಾರು ಸತ್ತರೂ ಡೈರಿಯ ಗಡಿಯಾರ ಮಾತ್ರ ನಿಲ್ಲುವುದಿಲ್ಲ.

“ಯಾವ ಬೇಲಿ ಸೀನಪ್ಪ?”

“ಯಾವ ಬೇಲಿ ಅಂದ್ರೆ? ಅಗೋ, ಕಣ್ಮುಂದೆ ಐತಲ್ಲ, ಆ ಬೇಲಿ.”

ಕೊಟ್ಟಿಗೆಯಿಂದ ನೋಡಿದರೆ ಹಸುವಿನ ಹುಲ್ಲಿನ ಮಡಿ, ಅದರಾಚೆ ಕೃಷಿಹೊಂಡ. ಹೊಂಡದ ಸುತ್ತ ಇಪ್ಪತ್ತೆರಡು ಕಬ್ಬಿಣದ ಕಂಬ, ಅವಕ್ಕೆ ಬಿಗಿದ ತಂತಿಯ ಜಾಲರಿ. ಎಳೆ ಬಿಸಿಲಿಗೆ ಮದುವೆಮನೆಯ ಪಾತ್ರೆಯ ಹಾಗೆ ಹೊಳೆಯುತ್ತಿತ್ತು.

“ಅದನ್ನ ನೀವು ಶುಕ್ರವಾರ ಸಾಯಂಕಾಲ ನೆಟ್ರಿ. ಕದ್ರಿ ಎಣ ದಡದ ಮ್ಯಾಲೆ ಇನ್ನಾ ಒದ್ದೆ ಇತ್ತು.”

“ಮೆಲ್ಲಗೆ ಮಾತಾಡಮ್ಮ ತಾಯಿ!” ಶ್ರೀನಿವಾಸಪ್ಪ ಸುತ್ತ ನೋಡಿದ. ನೋಡಿದರೆ ಇದ್ದದ್ದು ಕರು ಒಂದೇ.

ಅವನು ಅವಳ ಗಂಡನ ತಮ್ಮ. ಎರ್ರಕುಂಟೆಯಲ್ಲಿ ಯಾರಿಗೆ ಪಹಣಿ ಬೇಕಾದರೂ, ಯಾರ ಅರ್ಜಿ ಎಲ್ಲಿ ಸಿಕ್ಕಿಕೊಂಡರೂ, ಕಾಮಸಮುದ್ರಕ್ಕೋ ಬಂಗಾರಪೇಟೆಗೋ ಬಸ್ಸು ಹತ್ತುವವನು ಅವನೇ. ಕೆಟ್ಟವನಲ್ಲ. ಅವಳ ಗಂಡ ಮುನಿಸ್ವಾಮಪ್ಪ ಆಸ್ಪತ್ರೆಯಲ್ಲಿದ್ದಾಗ ಹನ್ನೊಂದು ದಿನ ಮಂಚದ ಕೆಳಗೆ ಟವೆಲ್ ಹಾಸಿಕೊಂಡು ಮಲಗಿದ್ದವನು. ಇದನ್ನು ಯಾಕೆ ಹೇಳಬೇಕು ಎಂದರೆ, ಈ ಕಥೆಯಲ್ಲಿ ಕೆಟ್ಟವರನ್ನು ಹುಡುಕಿಕೊಂಡು ಹೋದರೆ ಯಾರೂ ಸಿಗುವುದಿಲ್ಲ.

“ಅದ್ನಾಕು ಮನೆ ಅತ್ಗೆ” ಎಂದ ಅವನು, ದನಿ ಇಳಿಸಿ. “ಅದ್ನಾಕು ಒಂಡ. ನೀನು ಇಲ್ಲ ಅಂದ್ರೆ ಅಷ್ಟೂ ಮನೆಗೆ ನೋಟೀಸು. ಕೊಟ್ಟ ದುಡ್ಡು ವಾಪಸ್ ಕಕ್ಕು ಅಂತಾರೆ. ಆ ಬೇಲಿ ಒಲ ಒಲ ಸುತ್ತಿದ್ದು ಯಾರ ಟೆಂಪೋನಲ್ಲಿ? ನಿನ್ನ ಮಗಂದ್ರಲ್ಲಿ. ಪೊಲೀಸ್ನೋರು ಮೊದ್ಲು ಇಡ್ಕೊಳೋದು ಬಾಲಾಜೀನೇ.”

“ಬೇಲಿ ಇತ್ತು ಅಂದ್ರೆ ಕದ್ರಿ ಅದನ್ನ ಏರಿ ದಾಟಿ ಬಿದ್ಳು ಅಂತ ಆಗತ್ತೆ. ಅರವತ್ತು ದಾಟಿದೋಳು ಬೇಲಿ ಯಾಕೆ ಏರ್ತಾಳೆ ಸೀನಪ್ಪ? ಸಾಯಕ್ಕೆ ತಾನೆ?”

“ಸತ್ತೋಳು ಸತ್ಳು. ಎಂಗೆ ಅಂತ ಬರ್ಕೊಂಡ್ರೆ ಅವ್ಳಿಗೇನು? ಇರೋರ ಗತಿ ನೋಡು.”

ಹಸು ಕಾಲು ಝಾಡಿಸಿತು. ಚಿಕ್ಕವೆಂಕಟಮ್ಮ ಪಾತ್ರೆ ಎತ್ತಿಕೊಂಡು ಎದ್ದಳು. “ಅವ್ಳ ಮಗಳು ರಾಧ ಇದಾಳಲ್ಲ” ಎಂದಳು. ಆದರೆ ಅಷ್ಟು ಹೊತ್ತಿಗೆ ಅವನು ಗದ್ದೆಬದುವಿನ ಮೇಲೆ ಅರ್ಧ ದೂರ ಹೋಗಿದ್ದ.

ಆ ಬೇಲಿಯ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ.

ಮೂರು ವರ್ಷದ ಕೆಳಗೆ ಮಳೆನೀರು ಉಳಿಸುವ ಸರ್ಕಾರದ ಯೋಜನೆಯೊಂದು ಎರ್ರಕುಂಟೆಗೆ ಬಂತು. ಹೊಲದ ತಗ್ಗಿನಲ್ಲಿ ಹೊಂಡ ತೋಡಬೇಕು, ನೀರು ಇಂಗದ ಹಾಗೆ ಕರೀ ಪ್ಲಾಸ್ಟಿಕ್ ಹಾಳೆ ಹಾಸಬೇಕು, ಸುತ್ತ ತಂತಿ ಬೇಲಿ ಹಾಕಬೇಕು. ಒಂದೊಂದು ಕೆಲಸ ಮುಗಿದಾಗಲೂ ಫೋಟೋ. ಫೋಟೋದ ಮೂಲೆಯಲ್ಲಿ ಜಾಗ, ದಿನ, ಗಂಟೆ ತಾನಾಗಿಯೇ ಮೂಡುತ್ತದೆ. ಅದು ಮೇಲಕ್ಕೆ ಹೋದ ಮೇಲೆ ಸಬ್ಸಿಡಿ ಬ್ಯಾಂಕಿಗೆ ಬರುತ್ತದೆ. ಊರಿನಲ್ಲಿ ಹದಿನಾಲ್ಕು ಮನೆಯವರು ತೋಡಿಸಿದರು.

ಹೊಂಡ ಕೆಟ್ಟದ್ದೇನಲ್ಲ. ಏಪ್ರಿಲ್ ತಿಂಗಳಲ್ಲೂ ಚಿಕ್ಕವೆಂಕಟಮ್ಮನ ಹುಲ್ಲು ಹಸಿರಾಗಿತ್ತು, ಟೊಮೇಟೊ ಎರಡು ಬೆಳೆ ಬಂದಿತ್ತು. ಹೊಂಡ ತೋಡಿ ಮುಗಿದ ದಿನ ಅವಳ ಗೆಳತಿ ಕದಿರಮ್ಮ ದಡದ ಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಂತು, “ಎಷ್ಟಡಿ?” ಎಂದು ಕೇಳಿದ್ದಳು.

“ಅನ್ನೆರಡು.”

“ಥೂ! ನಮ್ಮಪ್ಪ ಎಂಟು ಸಾವ್ರ ಅಡಿ ಕೆಳಗೆ ಓಗಿ ಬಂದು ರಾತ್ರಿ ಊಟಕ್ಕೆ ಕೂರ್ತಿದ್ದ. ಇದೊಂದು ಆಳ ಅಂತ ತೋರ್ಸಕ್ಕೆ ಕರೆದ್ಯಾ ನನ್ನ?”

ಕದಿರಮ್ಮ ಉರಿಗಾಂನ ಚಿನ್ನದ ಗಣಿಯ ಕಾರ್ಮಿಕರ ಲೈನ್ ಮನೆಯಲ್ಲಿ ಹುಟ್ಟಿದವಳು. ಎರ್ರಕುಂಟೆಗೆ ಸೊಸೆಯಾಗಿ ಬಂದು ನಲವತ್ತೈದು ವರ್ಷವಾದರೂ ಸಿಟ್ಟು ಬಂದರೆ ತಮಿಳು, ನಗು ಬಂದರೆ ತೆಲುಗು, ಕೂಲಿ ಕೇಳುವಾಗ ಮಾತ್ರ ಕನ್ನಡ. ಗಂಡ ಹೋಗಿ ಬಹಳ ಕಾಲವಾಗಿತ್ತು. ಚಿಕ್ಕವೆಂಕಟಮ್ಮನ ಹೊಲಕ್ಕೆ ಕೂಲಿಗೆ ಬರುತ್ತಿದ್ದಳು, ಕೂಲಿ ಇಲ್ಲದ ದಿನ ಎಲೆಅಡಿಕೆಗೆ ಬರುತ್ತಿದ್ದಳು.

ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ ಎರಡನೇ ತಿಂಗಳಿಗೆ ಅದರ ಮೇಲೆ ಪಾಚಿ ಕಟ್ಟಿತು. ಪಕ್ಕದ ಹೊಲದ ನಾಯಿ ಬಿದ್ದು, ಮೇಲೆ ಬರಲಾಗದೆ, ಒಂದಿಡೀ ಬೆಳಗ್ಗೆ ಪರಚಿ ಪರಚಿ ಸತ್ತಿತು. ಅವತ್ತೇ ಚಿಕ್ಕವೆಂಕಟಮ್ಮನೂ ಕದಿರಮ್ಮನೂ ಕೆರೆ ಅಂಗಳದಿಂದ ಜಾಲಿಮುಳ್ಳು ಕಡಿದು ತಂದು ಹೊಂಡದ ಸುತ್ತ ಜಡಿದರು. ನೀರು ಸೇದಲು ಒಂದು ಕಡೆ ಗಟ್ಟಿ ಹಲಗೆ. ಉಳಿದ ಕಡೆ ಮುಂಗುಸಿ ಕೂಡ ಯೋಚನೆ ಮಾಡಿ ನುಗ್ಗಬೇಕು, ಅಂಥ ಮುಳ್ಳುಬೇಲಿ.

ಆದರೆ ಯೋಜನೆಯ ಕಾಗದದಲ್ಲಿ ಇದ್ದದ್ದು ತಂತಿ ಬೇಲಿ. ಮುಳ್ಳಿಗೆ ಲೆಕ್ಕವಿಲ್ಲ. ತಂತಿಗೂ ಕಂಬಕ್ಕೂ ಮೊದಲು ಕೈಯಿಂದ ಹಾಕಬೇಕು, ದುಡ್ಡು ಆಮೇಲೆ ಬರುವುದು. ಆಗ ಶ್ರೀನಿವಾಸಪ್ಪನೇ ಅರಳಿಕಟ್ಟೆಯ ಮೇಲೆ ಕೂತು ಉಪಾಯ ಹೇಳಿದ್ದ: “ಮದುವೆಗೆ ಅನ್ನದ ಕೊಪ್ಪರಿಗೆ ಊರಿಗೆಲ್ಲಾ ಒಂದೇ ಐತೆ. ಯಾರ ಮನೆ ಮದ್ವೆಯೋ ಅವ್ರ ಮನೆಗೆ ಓಗತ್ತೆ. ಬೇಲೀನೂ ಅಂಗೇ ಮಾಡಿದ್ರೆ?”

ಬಂಗಾರಪೇಟೆಯಿಂದ ಒಂದು ಸೆಟ್ಟು ಬೇಲಿ ತಂದರು. ಬಾಲಾಜಿಯ ಟೆಂಪೋದಲ್ಲಿ ಅದು ಹೊಲದಿಂದ ಹೊಲಕ್ಕೆ ಹೊರಟಿತು. ನೆಡು, ಫೋಟೋ ತೆಗೆಸು, ಕೀಳು, ಮುಂದಿನ ಹೊಂಡ. ಯಾರಿಗೂ ಅದು ಕಳ್ಳತನ ಅನ್ನಿಸಲಿಲ್ಲ. ದುಡ್ಡು ಬಂದ ಮೇಲೆ ನಿಜವಾದ ಬೇಲಿ ಹಾಕೋಣ ಎಂದು ಹದಿನಾಲ್ಕು ಮನೆಯವರೂ ಅಂದುಕೊಂಡಿದ್ದರು. ದುಡ್ಡು ಬಂತು. ಚಿಕ್ಕವೆಂಕಟಮ್ಮನದು ಕೊಟ್ಟಿಗೆಯ ಮೇಲೆ ಹೊಸ ಶೀಟಾಗಿ ಕೂತಿತು.

ಫೋಟೋ ತೆಗೆಯಲು ಬಂದ ಹುಡುಗ ಮೊದಲ ದಿನವೇ ಹೇಳಿದ್ದ, “ಆ ಮುಳ್ಳು ತೆಗೀರಿ, ಜಾಲರಿ ಕಾಣ್ತಾ ಇಲ್ಲ.” ತೆಗೆದರು. ಒಣಗಿದ ಜಾಲಿ ನೀರೊಲೆಗೆ ಬಹಳ ಚೆನ್ನಾಗಿ ಉರಿಯುತ್ತದೆ. ಹದಿನೈದು ದಿನ ಎರಡೂ ಮನೆಯಲ್ಲಿ ಬಿಸಿನೀರಿನ ಸ್ನಾನ.

ಒಂದೇ ಒಂದು ತೊಂದರೆ ಇತ್ತು. ನೆಲ ಕಲ್ಲು, ಕಂಬಕ್ಕೆ ಗುಂಡಿ ಮೊಳದುದ್ದ ಹೋದರೆ ಹೆಚ್ಚು. ಜಾಲರಿ ಬಿಗಿದು ಎಳೆದ ಕೂಡಲೇ ಮೂಲೆಕಂಬ ಒಳಕ್ಕೆ ವಾಲುತ್ತಿತ್ತು. ಅದನ್ನು ಯಾರಾದರೂ ಹಿಡಿದು ನಿಲ್ಲಬೇಕು. ಅರ್ಧ ಕೂಲಿಗೆ ಆ ಕೆಲಸ ಕದಿರಮ್ಮನಿಗೆ ಬಂತು. ಮಗಳು ದೀಪಾವಳಿಗೆ ಕೊಡಿಸಿದ ಗಿಣಿಹಸಿರು ಸೀರೆ ಉಟ್ಟು, ಮುಖಕ್ಕೆ ಪೌಡರ್ ಹಾಕಿ ಬಂದಳು.

“ಅಜ್ಜಿ, ಕಂಬದ ಹಿಂದೆ ಬಗ್ಗಿಕೊಳ್ಳಿ” ಎಂದ ಫೋಟೋದ ಹುಡುಗ.

“ನಾನು ಬಗ್ಗಿದ್ರೆ ಕಂಬಾನೂ ಬಗ್ಗತ್ತೆ ಕಣಪ್ಪಾ. ತೆಗಿ ತೆಗಿ. ದೊಡ್ಡ ಆಫೀಸ್ನೋರೂ ನೋಡ್ಲಿ ನನ್ನ ಮುಖ.”

ಊರೆಲ್ಲಾ ನಕ್ಕಿತು. ಹದಿನಾಲ್ಕು ಹೊಂಡ, ಹದಿನಾಲ್ಕು ಫೋಟೋ. ಆಮೇಲೆ ಬೇಲಿ ಶ್ರೀನಿವಾಸಪ್ಪನ ಹಿತ್ತಿಲು ಸೇರಿತು, ಅದರ ಮೇಲೆ ಅವರೆ ಬಳ್ಳಿ ಹಬ್ಬಿತು. ಮುಳ್ಳು ಮತ್ತೆ ಹಾಕಬೇಕು ಎಂದು ಚಿಕ್ಕವೆಂಕಟಮ್ಮ ಎಷ್ಟು ಸಲ ಅಂದಳೋ. ನಾಳೆ, ನಾಡಿದ್ದು, ರಾಗಿ ಕೊಯ್ಲು ಮುಗೀಲಿ.

ಶುಕ್ರವಾರ ಮಧ್ಯಾಹ್ನ ಇಬ್ಬರೂ ಹುಲ್ಲು ಕೊಯ್ಯುತ್ತಿದ್ದರು. ಕರೆಂಟು ಇರಲಿಲ್ಲ, ಮೋಟಾರು ನಿಂತಿತ್ತು. ಹಸು ಕೂಗಿತು.

“ಏ ಕದ್ರೀ, ಒಂದು ಬಕೀಟು ನೀರು ಸೇದಿ ಅಸೂಗೆ ಮಡಗಿ ಬಾರೇ.”

“ಅಸೂನೂ ನಿಂದೇ, ಒಂಡಾನೂ ನಿಂದೇ, ಸೊಂಟ ಮಾತ್ರ ನಂದು” ಎಂದು ಗೊಣಗಿಕೊಂಡು ಕದಿರಮ್ಮ ಎದ್ದು ಹೋದಳು.

ಚಿಕ್ಕವೆಂಕಟಮ್ಮ ಹೊರೆ ಕಟ್ಟುತ್ತಾ ಮಾತು ಮುಂದುವರಿಸಿದ್ದಳು. ಸೊಸೆ ರೂಪಳಿಗೆ ಮೂರು ತಿಂಗಳು ತುಂಬಿದ್ದು, ಈ ಸಲ ಬಂಗಾರಪೇಟೆಯಲ್ಲಿ ತೋರಿಸುವುದೋ ಕೋಲಾರಕ್ಕೆ ಹೋಗುವುದೋ, ಇಂಥದ್ದೇ. ಹಸು ಕೂಗುತ್ತಲೇ ಇತ್ತು, ಬೇರೆ ಸದ್ದು ಕಿವಿಗೆ ಬೀಳಲಿಲ್ಲ. ಆಚೆ ಕಡೆಯಿಂದ ಹೂಂ ಬರಲಿಲ್ಲ. ಕದಿರಮ್ಮ ಹೂಂ ಅನ್ನದೆ ಇರುವವಳಲ್ಲ. ತಿರುಗಿ ನೋಡಿದರೆ ಹೊಂಡದ ದಡದಲ್ಲಿ ಯಾರೂ ಇಲ್ಲ. ಓಡಿ ಹೋದಳು. ನೀರಿನ ಮೇಲೆ ಕೆಂಪು ಬಕೆಟ್ಟು ತೇಲುತ್ತಿತ್ತು. ಹಾಳೆಯ ಇಳಿಜಾರಿನಲ್ಲಿ, ಪಾಚಿಯ ಮೇಲೆ, ಮೇಲಿನಿಂದ ಕೆಳಗಿನವರೆಗೆ ಬೆರಳಿನ ಗೆರೆಗಳು. ಒಂದು ಸಲದ್ದಲ್ಲ. ಮೂರು ಕಡೆ, ನಾಲ್ಕು ಕಡೆ. ಹತ್ತಲು ನೋಡಿ ಜಾರಿ, ಪಕ್ಕಕ್ಕೆ ಬಂದು ಮತ್ತೆ ಹತ್ತಲು ನೋಡಿ ಜಾರಿ.

ಅವಳ ಕೂಗಿಗೆ ಜನ ಬಂದರು, ಹಗ್ಗ ಹಿಡಿದು ಇಳಿದರು, ಹೆಣ ಎಳೆದರು. ಅವರ ಕಾಲಿಗೆ ಸಿಕ್ಕಿ ಆ ಗೆರೆಗಳೆಲ್ಲ ಅಳಿಸಿಹೋದವು. ಅವನ್ನು ನೋಡಿದ್ದವಳು ಅವಳೊಬ್ಬಳೇ.

ಪೊಲೀಸ್ ಜೀಪು ಬರುವುದರೊಳಗೆ ಅವರೆ ಬಳ್ಳಿ ಕಿತ್ತು, ಬೇಲಿ ತಂದು ನೆಟ್ಟಿದ್ದರು. ಈ ಸಲ ಮೂಲೆಕಂಬಕ್ಕೆ ಕಲ್ಲು ಜಡಿದು.

ಮಂಗಳವಾರ ಹೇಳಿಕೆ ತೆಗೆದುಕೊಳ್ಳಲು ಕೃಷಿ ಇಲಾಖೆಯವರು ಬರುತ್ತಾರೆ ಎಂದು ತಿಳಿದು ರಾಧ ಬೆಳಗಿನ ಮಾರಿಕುಪ್ಪಂ ರೈಲಿಗೇ ಉರಿಗಾಂನಲ್ಲಿ ಹತ್ತಿದ್ದಳು. ದಿನವೂ ಅದೇ ರೈಲಿನಲ್ಲಿ ಬೆಂಗಳೂರಿನ ಬಟ್ಟೆ ಕಾರ್ಖಾನೆಗೆ ಹೋಗುವವಳು ಇವತ್ತು ಬಂಗಾರಪೇಟೆಯಲ್ಲೇ ಇಳಿದು, ಕಾಮಸಮುದ್ರದ ಬಸ್ಸು ಹಿಡಿದು, ಅಲ್ಲಿಂದ ನಡೆದು ಬಂದಳು. ಮನೆಗೆ ಬರಲಿಲ್ಲ, ನೇರ ಹೊಂಡದ ಹತ್ತಿರ ಹೋಗಿ ನಿಂತಳು. ಚಿಕ್ಕವೆಂಕಟಮ್ಮ ಕಾಫಿ ಲೋಟ ಹಿಡಿದುಕೊಂಡು ಅಲ್ಲಿಗೇ ಹೋದಳು.

ರಾಧ ಬೇಲಿಗೆ ಎದೆ ತಾಗಿಸಿ ನಿಂತಿದ್ದಳು. ಜಾಲರಿ ಅವಳ ಭುಜದವರೆಗೆ ಬರುತ್ತಿತ್ತು.

“ದೊಡ್ಡಮ್ಮ, ಅಮ್ಮನಿಗೆ ಮಂಡಿ ನೋವು. ಬಸ್ಸಿನ ಮೆಟ್ಟಿಲು ಹತ್ತಬೇಕಾದ್ರೆ ಕಂಡಕ್ಟರ್ ಕೈ ಕೊಡ್ಬೇಕಿತ್ತು. ಇಷ್ಟೆತ್ತರ ಹೆಂಗೆ ಹತ್ತಿದ್ಲು?”

ಚಿಕ್ಕವೆಂಕಟಮ್ಮ ಲೋಟ ಮುಂದೆ ಹಿಡಿದಳು. “ಕುಡಿ ತಾಯಿ, ಆರೋಗತ್ತೆ.”

“ಎಷ್ಟು ಮನಸ್ಸು ಮಾಡಿರ್ಬೇಕು ಅಲ್ವಾ? ಹತ್ತಿ ದಾಟಿ ಬೀಳ್ಬೇಕು ಅಂದ್ರೆ?” ರಾಧಳ ಕಣ್ಣಲ್ಲಿ ನೀರಿರಲಿಲ್ಲ. ಅದನ್ನೇ ನೋಡಲಾಗುತ್ತಿರಲಿಲ್ಲ. “ಅದಕ್ಕೆ ಮುಂಚಿನ ಭಾನುವಾರ ಫೋನ್ ಮಾಡಿದ್ಲು ದೊಡ್ಡಮ್ಮ. ಹತ್ತು ದಿನ ಬಂದು ಇರ್ತೀನಿ, ಹಳೇ ಲೈನ್ ಮನೆಗಳ್ನೆಲ್ಲಾ ನೋಡ್ಬೇಕು ಅನ್ಸತ್ತೆ ಅಂದ್ಲು. ನಾನು ಬೇಡಮ್ಮ ಅಂದೆ. ಒಂದೂವರೆ ರೂಮು, ಅತ್ತೆ, ಮೂರು ಮಕ್ಕಳು, ಎಲ್ಲಿ ಮಲಗಿಸ್ಲಿ ಅಂದೆ. ಸರಿ ಬುಡು ಅಂದ್ಲು. ಅಷ್ಟೇ. ಸರಿ ಬುಡು.”

“ಅದಕ್ಕಲ್ಲಮ್ಮ...”

“ನಮ್ಮತ್ತೆ ಬೀದೀಲಿ ಹೇಳ್ಕೊಂಡು ಬರ್ತಾರೆ. ‘ಪೊಣ್ಣು ವೇಣಾಂನಾ, ಕಿಳವಿ ವಿಳುಂದುಟ್ಟಾ.’ ಮಗಳು ಬೇಡ ಅಂದ್ಳು, ಮುದುಕಿ ಬಿದ್ಬುಟ್ಳು ಅಂತ. ಕಟ್ಕೊಂಡ ಗಂಡ ಸೆಲ್ವರಾಜ್ ಮೊನ್ನೆಯಿಂದ ನನ್ನ ಮುಖ ನೋಡ್ತಿಲ್ಲ. ನೋಡದಿದ್ರೂ ಪರ್ವಾಗಿಲ್ಲ, ನನಗೇ ಗೊತ್ತಲ್ಲ. ನಾನೇ ಕೊಂದೆ.”

ಚಿಕ್ಕವೆಂಕಟಮ್ಮನ ಬಾಯಿ ತೆರೆಯಿತು. ಅಷ್ಟರಲ್ಲಿ ಅಂಗಳದಿಂದ ಬಾಲಾಜಿ, “ಅಮ್ಮೋ, ಅವ್ರು ಬಂದ್ರು!” ಎಂದು ಕೂಗಿದ. ಕೂಗಿದ ಮೇಲೂ ಅಲ್ಲಿಂದ ಕದಲಲಿಲ್ಲ, ಎರಡು ಪ್ಲಾಸ್ಟಿಕ್ ಕುರ್ಚಿ ಕೈಯಲ್ಲಿ ಹಿಡಿದುಕೊಂಡು ಅವಳನ್ನೇ ನೋಡುತ್ತಾ ನಿಂತ. ಮೂವತ್ತೆರಡು ವರ್ಷದ ಗಂಡಸು, ಪರೀಕ್ಷೆ ಫೇಲಾದ ದಿನ ನಿಂತ ಹಾಗೆ. ಅವಳು ಬಾಯಿ ಮುಚ್ಚಿದಳು.

ಬಂದವರು ಇಬ್ಬರು: ಇಲಾಖೆಯ ಶ್ರೀಧರ್, ಜೊತೆಗೊಬ್ಬ ಹೆಡ್ ಕಾನ್‌ಸ್ಟೇಬಲ್. ಶ್ರೀಧರ್ ಈ ಕಡೆಯವನಲ್ಲ, ಬಂದು ಎರಡು ತಿಂಗಳಾಗಿತ್ತು. ಅಂಗಳದ ಹುಣಸೆಮರದ ಕೆಳಗೆ ಕೂತರು. ಊರಿನವರು ಕರೆಯದೆಯೇ ಬಂದು ಗೋಡೆಗುಂಟ ನಿಂತರು. ಶ್ರೀನಿವಾಸಪ್ಪ ಮುಂದೆ. ರಾಧ ಜಗಲಿಯ ತುದಿಯಲ್ಲಿ. ರೂಪ ಬಾಗಿಲ ಸಂದಿಯಲ್ಲಿ.

“ನೋಡಿ ಅಮ್ಮ, ನನಗೆ ಬೇಕಾಗಿರೋದು ಇಷ್ಟೇ” ಎಂದ ಶ್ರೀಧರ್. ಒಳ್ಳೆಯ ಮಾತಿನವನು. “ಆ ದಿನ ಹೊಂಡದ ಸುತ್ತ ಬೇಲಿ ಇತ್ತೋ ಇಲ್ಲವೋ. ನಮ್ಮ ಕಡತದಲ್ಲಿ ಇದೆ ಅಂತ ಫೋಟೋ ಇದೆ. ಈಗ ಕಣ್ಣಿಗೂ ಕಾಣ್ತಿದೆ. ನೀವು ಹೌದು ಅಂದರೆ ಮುಗೀತು.”

“ಅದೇ ಸ್ವಾಮಿ, ಇತ್ತು” ಎಂದ ಶ್ರೀನಿವಾಸಪ್ಪ.

“ನೀವಲ್ಲ, ಅವರು.”

ಹೆಡ್ ಕಾನ್‌ಸ್ಟೇಬಲ್ ಬಿಸಿಲಿಗೆ ಕಣ್ಣು ಕಿರಿದು ಮಾಡಿದ. “ಬೇಲಿ ಇದ್ದು ಬಿದ್ದಿದ್ದಾರೆ ಅಂದ್ರೆ ನಮ್ ಕಡೆಯಿಂದ ಜೀವನದಲ್ಲಿ ಜಿಗುಪ್ಸೆ ಅಂತ ಬರ್ಕೊಂಡು ಫೈಲ್ ಮುಚ್ತೀವಿ. ಮಗಳೂ ಫೋನ್ ವಿಚಾರ ಒಪ್ಕೊಂಡಿದಾರೆ.”

ಜಗಲಿಯ ಮೇಲೆ ರಾಧ ತಲೆ ತಗ್ಗಿಸಿದಳು. ಊರಿನವರೆಲ್ಲರ ಎದುರಿಗೆ.

ಶ್ರೀಧರ್ ಮೊಬೈಲಿನಲ್ಲಿ ಫೋಟೋ ತೆಗೆದು ಚಿಕ್ಕವೆಂಕಟಮ್ಮನ ಮುಂದೆ ಹಿಡಿದ. “ಇದೇ ನಿಮ್ಮ ಹೊಂಡ ತಾನೇ?”

ಹೊಂಡ ಅವಳದೇ. ಹಿಂದೆ ಹುಣಸೆಮರ, ಹಳೇ ಕೊಟ್ಟಿಗೆ. ಸುತ್ತ ಫಳಫಳ ಬೇಲಿ. ಎಡಗಡೆಯ ಮೂಲೆಯಲ್ಲಿ ಗಿಣಿಹಸಿರು ಸೀರೆ. ಕದಿರಮ್ಮ ಎರಡೂ ಕೈಯಲ್ಲಿ ಕಂಬ ಅವಚಿಕೊಂಡು, ಗದ್ದ ಮೇಲಕ್ಕೆತ್ತಿ, ಪೌಡರ್ ಮುಖದಲ್ಲಿ ಹಲ್ಲು ಕಾಣುವ ಹಾಗೆ ನಗುತ್ತಿದ್ದಳು. ಈ ನಾಲ್ಕು ದಿನದಲ್ಲಿ ಚಿಕ್ಕವೆಂಕಟಮ್ಮನ ಕಣ್ಣಿಗೆ ಬರುತ್ತಿದ್ದದ್ದು ಉಬ್ಬಿದ ಮುಖ ಒಂದೇ. ಈ ಮುಖವನ್ನು ಮರೆತೇಬಿಟ್ಟಿದ್ದಳು.

“ಇವರು ಯಾರು?” ಎಂದ ಶ್ರೀಧರ್, ಬೆರಳಿನಲ್ಲಿ ಫೋಟೋ ದೊಡ್ಡದು ಮಾಡಿ.

“ಅವ್ಳೇ. ಕದ್ರಿ.”

ಶ್ರೀಧರ್ ಮೊಬೈಲನ್ನು ಕಣ್ಣಿನ ಹತ್ತಿರಕ್ಕೆ ಹಿಡಿದುಕೊಂಡ. ಆಮೇಲೆ ಕೇಳಿದ, “ಕಂಬ ಯಾಕೆ ಹಿಡ್ಕೊಂಡಿದ್ದಾರೆ?”

“ಫೋಟೋ ಅಂದ್ರೆ ಆಸೆ ಸ್ವಾಮಿ ಅವ್ಳಿಗೆ” ಎಂದು ಶ್ರೀನಿವಾಸಪ್ಪ ನಗಲು ನೋಡಿದ. “ಸುಮ್ನೆ ಬಂದು ನಿಂತ್ಕೊಂಡ್ಳು.”

ಗೋಡೆಗುಂಟ ನಿಂತ ಯಾರೂ ನಗಲಿಲ್ಲ. ಹನುಮಪ್ಪ ಎಂಬವನು ಕೆಮ್ಮಿದ. ಬಾಲಾಜಿ ನೆಲ ನೋಡುತ್ತಿದ್ದ. ರಾಧ ಎದ್ದು ಬಂದು ಅಮ್ಮನ ಫೋಟೋ ನೋಡಲು ಬಗ್ಗಿದಳು, ಅವಳ ಉಸಿರು ಚಿಕ್ಕವೆಂಕಟಮ್ಮನ ಕೆನ್ನೆಗೆ ತಾಗಿತು.

“ಬುಟ್ರೆ ಬೀಳ್ತಿತ್ತು ಸ್ವಾಮಿ” ಎಂದಳು ಚಿಕ್ಕವೆಂಕಟಮ್ಮ.

“ಏನು?”

“ಕಂಬ. ಅವ್ಳು ಕೈ ಬುಟ್ರೆ ಬೀಳ್ತಿತ್ತು. ಅದಕ್ಕೆ ಇಡ್ಕೊಂಡವ್ಳೆ.”

“ಅತ್ಗೇ!”

“ಸುಮ್ನಿರು ಸೀನಪ್ಪ.” ಅವಳ ದನಿ ದೊಡ್ಡದಾಗಲಿಲ್ಲ. “ಬೇಲಿ ಫೋಟೋಗೆ ಬಂದಿದ್ದು, ಫೋಟೋ ಆದ್ಮೇಲೆ ಓಯ್ತು. ಶುಕ್ರವಾರ ಏನೂ ಇರ್ಲಿಲ್ಲ. ಮುಳ್ಳೂ ಇರ್ಲಿಲ್ಲ, ನಾನೇ ಒಲೆಗೆ ಆಕಿದ್ದೆ. ಬಕೀಟು ತಗೊಂಡು ಓಗು ಅಂದಿದ್ದೂ ನಾನೇ. ಜಾರ್ಬುಟ್ಳು. ಬೀಳ್ಬೇಕು ಅಂತ ಬಿದ್ದೋಳಲ್ಲ. ಪಾಚಿ ಮ್ಯಾಲೆ ಬೆರಳ ಗೆರೆ ಇತ್ತು ಸ್ವಾಮಿ, ನಾಕು ಕಡೆ. ಮ್ಯಾಲಕ್ಕೆ ಬರ್ಬೇಕು ಅಂತ ನಾಕು ಕಡೆ ನೋಡವ್ಳೆ. ನಾನು ಅಲ್ಲೇ ಇದ್ದೆ, ಇಪ್ಪತ್ತು ಮಾರು ದೂರ್ದಲ್ಲಿ. ಮಾತಾಡ್ತಾ ಇದ್ದೆ.”

ಹುಣಸೆಮರದ ಮೇಲೆ ಕಾಗೆ ಕೂಗಿತು. ಶ್ರೀಧರ್ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ.

“ಅಮ್ಮಾ, ಯೋಚನೆ ಮಾಡಿ. ಬರೆದ ಮೇಲೆ ಅಳಿಸೋಕೆ ಬರಲ್ಲ. ನಿಮಗೂ ತೊಂದರೆ, ನಿಮ್ಮ ಮಗನಿಗೂ ತೊಂದರೆ.”

“ಗೊತ್ತು. ಬರ್ಕೊಳಿ.”

ಬರೆದುಕೊಂಡ. ಓದಿ ಹೇಳಿದ. ಅವಳು ಹೆಬ್ಬೆಟ್ಟು ಒತ್ತಿದಳು. ಹೋಗುವ ಮುಂಚೆ ಶ್ರೀಧರ್ ಗೋಡೆಗುಂಟ ನಿಂತವರ ಕಡೆ ತಿರುಗಿ, “ಉಳಿದ ಹದಿಮೂರನ್ನೂ ನೋಡಲೇಬೇಕಾಗುತ್ತೆ. ನಾಳೆ ಬೆಳಗ್ಗೆ ಹತ್ತಕ್ಕೆ ಹನುಮಪ್ಪನವರ ಹೊಂಡದಿಂದ ಶುರು” ಎಂದ. ಬೈಕ್ ಹೋಯಿತು. ಜನ ಒಬ್ಬೊಬ್ಬರಾಗಿ ಹೋದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಹನುಮಪ್ಪನ ಹೆಂಡತಿ ಚೌಡಮ್ಮ ಮಾತ್ರ ಕೊಟ್ಟಿಗೆಯ ಹೊಸ ಶೀಟನ್ನು ಒಂದು ಸಲ ತಲೆಯೆತ್ತಿ ನೋಡಿ ಹೋದಳು.

ರಾಧ ಉಳಿದಿದ್ದಳು. ಅವಳು ಈಗ ಅಳುತ್ತಿದ್ದಳು, ಸದ್ದಿಲ್ಲದೆ, ಮೂಗು ಸೆರಗಿಗೆ ಒತ್ತಿಕೊಂಡು.

“ಹಂಗಾದ್ರೆ ಅಮ್ಮ ತಾನಾಗಿ ಹೋಗ್ಲಿಲ್ಲ.”

“ಇಲ್ಲ ತಾಯಿ. ನಿನ್ನ ಮಾತಿಗಲ್ಲ. ಆ ದಿನ ಬೆಳಗ್ಗೆ ಕೂಡ ನಗಾಡ್ಕೊಂಡೇ ಇದ್ಳು.”

ಚಿಕ್ಕವೆಂಕಟಮ್ಮ ಅವಳ ತಲೆ ಮುಟ್ಟಲು ಕೈ ಚಾಚಿದಳು. ರಾಧ ಹಿಂದಕ್ಕೆ ಸರಿದಳು.

“ಶುಕ್ರವಾರ, ಶನಿವಾರ, ಭಾನುವಾರ, ಸೋಮವಾರ” ಎಂದು ಬೆರಳು ಮಡಚಿದಳು. “ಮಣ್ಣು ಮಾಡೋವಾಗ ನನ್ನ ಪಕ್ಕದಲ್ಲೇ ನಿಂತಿದ್ರಿ. ನಾನೇ ಕೊಂದೆ ಅಂತ ಬಡ್ಕೋತಿದ್ದೆ, ಕೇಳ್ತಾ ಇದ್ರಿ. ನಾಲ್ಕು ದಿನ ಸುಮ್ನಿದ್ರಲ್ಲ ದೊಡ್ಡಮ್ಮ.”

ರಾಧ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಬದುವಿನ ತಿರುವಿನವರೆಗೂ ಅವಳ ಬೆನ್ನು ಕಾಣುತ್ತಿತ್ತು, ಕದಿರಮ್ಮನದೇ ನಡಿಗೆ, ಎಡಕ್ಕೆ ಸ್ವಲ್ಪ ವಾಲಿ. ಜಗಲಿಯ ಮೇಲೆ ಕಾಫಿ ಕೆನೆಗಟ್ಟಿತ್ತು.

ಸಂಜೆ ನಾಲ್ಕು ಗಂಟೆಗೆ ಟೆಂಪೋದ ಸದ್ದು. ಚಿಕ್ಕವೆಂಕಟಮ್ಮ ಹೊರಗೆ ಬಂದಳು. ಬಾಲಾಜಿ, ಶ್ರೀನಿವಾಸಪ್ಪ, ಹನುಮಪ್ಪ ಹೊಂಡದ ಹತ್ತಿರ ಇದ್ದರು. ಶ್ರೀನಿವಾಸಪ್ಪ ಜಾಲರಿ ಸುತ್ತುತ್ತಿದ್ದ, ಹನುಮಪ್ಪ ಕಂಬ ಕೀಳುತ್ತಿದ್ದ. ಅವಳು ಬಂದದ್ದು ನೋಡಿ ಮೈದುನ ಬೆನ್ನು ತಿರುಗಿಸಿದ.

“ಏನ್ಲಾ ಇದು ಬಾಲಾಜಿ?”

“ನಾಳೆ ಅನುಮಣ್ಣನ ಒಂಡ ಚೆಕ್ಕಿಂಗು” ಎಂದ ಮಗ. “ನೀನೇನೋ ಏಳ್ಬುಟ್ಟೆ. ನಮ್ದು ಓಯ್ತು. ಅವ್ರದಾದ್ರೂ ಉಳೀಲಿ ಅಂತ.”

“ಅಯ್ಯೋ ಪಾಪಿ, ಬೇಲಿ ಫೋಟೋಗೆ ಬಂದು ಓಯ್ತು ಅಂತ ನನ್ನ ಬಾಯಲ್ಲೇ ಬರ್ಸಿದೀನಲ್ಲೋ.”

“ನೀನು ನಮ್ದಕ್ಕೆ ಇಲ್ಲ ಅಂದೆ. ಅವ್ರದಕ್ಕೆ ಇಲ್ಲ ಅಂದಿಲ್ಲ. ಅದು ಚಿಕ್ಕಪ್ಪನ ಲೆಕ್ಕ.”

ಅವಳು ಹೊಂಡದ ಕಡೆ ನೋಡಿದಳು. ಮೂರು ಬದಿ ಆಗಲೇ ಬೆತ್ತಲೆ. ಕರೀ ಹಾಳೆ ಇಳಿಬಿಸಿಲಿಗೆ ಎಣ್ಣೆ ಹಚ್ಚಿದ ಹಾಗಿತ್ತು.

“ನೀರು ಸೇದೋ ಕಡೆ ಒಂದು ನಾಕು ಕಂಬಾನಾದ್ರೂ ಬುಟ್ಟೋಗ್ರೋ.”

“ಕಮ್ಮಿ ಬಿದ್ರೆ ಫೋಟೋದಲ್ಲಿ ಗೊತ್ತಾಗತ್ತಮ್ಮ.”

ಕೊನೆಯ ಕಂಬದ ಬುಡದ ಕಲ್ಲು ಕಿತ್ತು ಬಂತು. ಬಾಲಾಜಿ ಅದನ್ನು ಹೆಗಲ ಮೇಲೆ ಹೊತ್ತು ಟೆಂಪೋಗೆ ಹಾಕಿದ. ಆಗಲೇ ಅವಳಿಗೆ ಕಾಣಿಸಿದ್ದು: ಟೆಂಪೋದ ಹಿಂದೆ, ಜಾಲರಿಯ ಸುರುಳಿ ಉರುಳದ ಹಾಗೆ ಕೈಯಲ್ಲಿ ಅದುಮಿ ಹಿಡಿದು, ಹಳೇ ನೈಟಿಯ ಮೇಲೆ ಟವೆಲ್ ಹೊದ್ದು ರೂಪ ಕೂತಿದ್ದಳು.

“ರೂಪ ಯಾಕ್ಲಾ?”

ಬಾಲಾಜಿ ಹಿಂದಿನ ಬಾಗಿಲ ಕೊಂಡಿ ಹಾಕುತ್ತಾ ತಡಮಾಡಿದ. “ಮೂಲೆಕಂಬ ಇಡ್ಕೊಳಕ್ಕೆ ಯಾರಾದ್ರೂ ಬೇಕಲ್ಲಮ್ಮ.”

“ಮೂರು ತಿಂಗಳ ಬಸುರಿ ಕಣ್ಲಾ!”

“ಒಂದು ಗಳಿಗೆ ಅಷ್ಟೇ ಅತ್ತೆ” ಎಂದಳು ರೂಪ, ಮೇಲಿನಿಂದ. “ಊರೋರೆಲ್ಲಾ ನಮ್ ಮ್ಯಾಲೆ ಉರಿದು ಬಿದ್ದವ್ರೆ. ಇಷ್ಟೂ ಮಾಡ್ದಿದ್ರೆ ನಾಳೆ ಈ ಊರಲ್ಲಿ ಎಂಗಿರೋದು?”

ಟೆಂಪೋ ಹೊಲದ ದಾರಿಯಲ್ಲಿ ಕುಲುಕುತ್ತಾ ಹೋಯಿತು. ಕಂಬಗಳು ಒಂದಕ್ಕೊಂದು ಬಡಿದು ಸದ್ದು ಮಾಡುತ್ತಿದ್ದವು. ಆ ಸದ್ದು ನಿಂತ ಮೇಲೆ ಕೊಟ್ಟಿಗೆಯಲ್ಲಿ ಹಸು ನೀರಿಗೆ ಕೂಗಿತು.

ಚಿಕ್ಕವೆಂಕಟಮ್ಮ ಒಳಗೆ ಹೋಗಿ ಮಚ್ಚು ತೆಗೆದುಕೊಂಡಳು. ಕೆರೆ ಅಂಗಳಕ್ಕೆ ನಡೆದು, ಕೈಗೆಟುಕಿದ ಮೊದಲ ಜಾಲಿಯ ಕೊಂಬೆಗೆ ನಾಲ್ಕು ಏಟು ಹಾಕಿದಳು. ಕೊಂಬೆ ಉರುಳಿತು. ಅದರ ಬುಡಕ್ಕೆ ಹಗ್ಗ ಬಿಗಿದು, ಬೆನ್ನು ಬಗ್ಗಿಸಿ, ಹೊಂಡದವರೆಗೆ ಎಳೆದು ತಂದಳು. ನೀರು ಸೇದುವ ಕಡೆ ಮೂಲೆಕಂಬದ ಗುಂಡಿ ಇನ್ನೂ ಬಾಯಿ ತೆರೆದುಕೊಂಡಿತ್ತು. ಕೊಂಬೆಯ ಬುಡವನ್ನು ಅದರಲ್ಲಿ ಇಳಿಸಿ, ಸುತ್ತ ಕಲ್ಲು ಜಡಿದು, ಒಂದು ಸಲ ಅಲ್ಲಾಡಿಸಿ ನೋಡಿದಳು. ಅದು ತಾನಾಗಿ ನಿಂತಿತ್ತು. ಅಂಗೈಗೆ ಹೊಕ್ಕ ಮುಳ್ಳನ್ನು ಹಲ್ಲಿನಲ್ಲಿ ಕಿತ್ತು ಉಗಿದು, ಎರಡನೆಯ ಕೊಂಬೆಗೆ ಹೊರಟಳು.